ಹಳೆ ನಾಯಿಗೂಡಿನಲ್ಲಿ ನಾಲ್ಕು ಗಿರಿರಾಜ ಕೋಳಿ

ನಾಯಿಗೂಡನ್ನು ಕೋಳಿಗೂಡು ಮಾಡುವಾಗ ಹೊಸದಾಗಿ ಸೇರಿಸುವುದಕ್ಕಿಂತ ಕೊಯ್ಯುವ ಕೆಲಸವೇ ಜಾಸ್ತಿ. ನಾಯಿಗೂಡಿಗೆ ಕೆಳಗೆ ದೊಡ್ಡ ಬಾಗಿಲು, ಮೇಲೆ ಪೂರ್ತಿ ಮುಚ್ಚಿಗೆ. ಕೋಳಿಗೆ ಬೇಕಿರುವುದು ಇದರ ತದ್ವಿರುದ್ಧ.

ನಾನು ಬಳಸಿದ ಮರದ ಗೂಡು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ್ದು. ಹಗಲು ಹಿತ್ತಿಲಲ್ಲಿ ಅಡ್ಡಾಡುವ ನಾಲ್ಕು ಗಿರಿರಾಜಕ್ಕೆ ಇಷ್ಟು ಸಾಕು; ಐದನೆಯದರ ಆಸೆ ಬೇಡ.

ಮೊದಲು ಉಣ್ಣೆಹುಳು. ಹಲಗೆಯ ಸಂದುಗಳಲ್ಲಿ ನಾಯಿಯ ಉಣ್ಣೆ ಅಡಗಿರುತ್ತದೆ, ಆಮೇಲೆ ಅದೇ ಸಂದಿಗೆ ಕೋಳಿಯ ರಕ್ತ ಹೀರುವ ನುಸಿ ಸೇರುತ್ತದೆ. ವಾಷಿಂಗ್ ಸೋಡಾ ಹಾಕಿದ ಕುದಿನೀರು ಸುರಿದು ಉಜ್ಜಿ, ಎರಡು ದಿನ ಬಿಸಿಲಿಗಿಟ್ಟು, ಒಳಗೆಲ್ಲ ಎರಡು ಸಲ ಸುಣ್ಣ ಬಳಿದೆ.

ಗಾಳಿಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ರಾತ್ರಿಯ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಮುಚ್ಚಿದ ಗೂಡಿನಲ್ಲಿ ಅದು ಕಣ್ಣು, ಶ್ವಾಸಕೋಶ ಎರಡನ್ನೂ ಕೆಡಿಸುತ್ತದೆ. ಬೆಂಗಳೂರಿನ ಜನವರಿ ಚಳಿ ಕೋಳಿಗೆ ಲೆಕ್ಕಕ್ಕಿಲ್ಲ, ಬಲ್ಬೂ ಬೇಡ. ಎದುರುಬದುರು ಉದ್ದದ ಗೋಡೆಗಳಲ್ಲಿ, ಚಾವಣಿಗೆ ತಾಗಿದಂತೆ ಆರು ಇಂಚಿನ ಪಟ್ಟಿ ಕೊಯ್ದೆ. ಮೂಲೆಯ ಚೌಕಟ್ಟಿನ ಮರ ಮುಟ್ಟಬಾರದು. ಕೂತ ಕೋಳಿಯ ತಲೆಗಿಂತ ಮೇಲಿದ್ದರೆ ಗಾಳಿ ನೇರ ಮೈಗೆ ಹೊಡೆಯುವುದಿಲ್ಲ. ಇರಚಲು ತಡೆಯಲು ಚಾವಣಿಯ ಶೀಟನ್ನು ಒಂಬತ್ತು ಇಂಚು ಮುಂದಕ್ಕೆ ಚಾಚಿಸಿದೆ.

ಕೊಯ್ದ ಜಾಗಕ್ಕೆ ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಜಾಲರಿ) ಹಾಕಿ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತದೆ. ಆರು ಮೂಲೆಯ ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ, ಹೆಗ್ಗಣವನ್ನು ಹೊರಗಿಡುವುದಿಲ್ಲ. ಸ್ಟೇಪಲ್ ಪಿನ್ ಕಿತ್ತುಬರುತ್ತದೆ, ಆದ್ದರಿಂದ ನಾಲ್ಕು ಇಂಚಿಗೊಂದು ಸ್ಕ್ರೂ, ವಾಷರ್ ಸಮೇತ. ನಾಯಿಬಾಗಿಲನ್ನು ಪ್ಲೈವುಡ್‌ನಿಂದ ಮುಚ್ಚಿ, ಹನ್ನೆರಡು ಇಂಚು ಅಗಲ, ಹದಿನಾಲ್ಕು ಇಂಚು ಎತ್ತರದ ಕಿಂಡಿಯಷ್ಟೇ ಉಳಿಸಿದೆ.

ಕೂರಲು ಎರಡಿಂಚು ಚೌಕದ ರೀಪರ್ (ಮರದ ಪಟ್ಟಿ), ಅಂಚು ಉಜ್ಜಿ ನುಣುಪು ಮಾಡಿದ್ದು. ಪಿವಿಸಿ ಪೈಪ್ ಜಾರುತ್ತದೆ. ಹಿಂಗೋಡೆಯಿಂದ ಒಂದಡಿ ದೂರ, ನೆಲದಿಂದ ಹದಿನಾಲ್ಕು ಇಂಚು ಎತ್ತರ. ಗಿರಿರಾಜ ಭಾರದ ತಳಿ, ಇನ್ನೂ ಎತ್ತರದಿಂದ ಧುಮುಕಿದರೆ ಪಾದ ಗಾಯವಾಗಿ ಬಾವು ಬರುತ್ತದೆ. ಮೊಟ್ಟೆಪೆಟ್ಟಿಗೆ ಒಂದೇ ಸಾಕು, ಎಲ್ಲ ಕಡೆ ಒಂದಡಿ, ಹೊರಗೋಡೆಗೆ ಜೋಡಿಸಿದ್ದು, ಮುಚ್ಚಳಕ್ಕೆ ಕೀಲು. ಅದರ ತಳ ರೀಪರ್‌ಗಿಂತ ತಗ್ಗಿನಲ್ಲಿರಲೇಬೇಕು. ಇಲ್ಲದಿದ್ದರೆ ಕೋಳಿಗಳು ಪೆಟ್ಟಿಗೆಯಲ್ಲೇ ಮಲಗಿ ಮೊಟ್ಟೆಯೆಲ್ಲ ಹಿಕ್ಕೆ ಮಾಡುತ್ತವೆ.

ಪ್ಲೈವುಡ್ ನೆಲ ಉಬ್ಬದಂತೆ ವಿನೈಲ್ ಶೀಟ್ ಹಾಸಿ, ಅಂಚನ್ನು ಮೂರಿಂಚು ಗೋಡೆಗೆ ಏರಿಸಿದೆ. ಮೇಲೆ ನಾಲ್ಕಿಂಚು ಭತ್ತದ ಹೊಟ್ಟು. ಗರಗಸದ ಪುಡಿ ಬೇಡ, ಧೂಳು. ಹೊಟ್ಟು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟು ಒದ್ದೆಯಾಯಿತೆಂದರೆ ಅವತ್ತೇ ಬದಲಿಸಿ. ಒದ್ದೆ ಹಾಸಿನಲ್ಲೇ ರಕ್ತಭೇದಿ ಹಬ್ಬುವುದು. ನೀರಿನ ಪಾತ್ರೆ ಹೊರಗಿಡಿ.

ಗೂಡನ್ನು ನೆಲಕ್ಕೆ ತಾಗಿಸದೆ ಮೂಲೆಗೆ ಎರಡೆರಡು ಸಾಲಿಡ್ ಬ್ಲಾಕ್ ಮೇಲಿಟ್ಟೆ. ಕೆಳಗೆ ಕಸ ಪೇರಿಸಬೇಡಿ, ಹೆಗ್ಗಣಕ್ಕೆ ಅದೇ ಮನೆ.