ಖಾಲಿ ಬಾಟಲಿ, ಹಳೇ ಬನಿಯನ್, ಬಾಯಿ ಒಡೆದ ಮಡಕೆ

ಒಮ್ಮೆ ನಾಲ್ಕು ದಿನ ಮನೆ ಬಿಟ್ಟು ಹೋಗಬೇಕಿತ್ತು. ಮೂರು ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ. ನೀರು ತುಂಬಿ, ಕುಂಡಗಳಲ್ಲಿ ತಲೆಕೆಳಗಾಗಿ ಚುಚ್ಚಿ, ಬೀಗ ಹಾಕಿ ಹೊರಟೆ. ವಾಪಸ್ ಬಂದಾಗ ಮೂರೂ ಗಿಡ ಜೋತುಬಿದ್ದಿದ್ದವು. ಎರಡು ಬಾಟಲಿ ಪೂರ್ತಿ ಖಾಲಿ. ಮೂರನೆಯದರಲ್ಲಿ ಹಾಕಿದ ನೀರು ಹಾಕಿದ ಹಾಗೇ ಇತ್ತು, ತೂತಿಗೆ ಮಣ್ಣು ಮೆತ್ತಿಕೊಂಡಿತ್ತು.

ಬಾಟಲಿಯಲ್ಲಿ ನೀರು ತುಂಬಿಡುವುದು ಯಾರಿಗಾದರೂ ಗೊತ್ತು. ಆ ನೀರನ್ನು ನಿಧಾನ ಮಾಡುವುದೇ ನಿಜವಾದ ಕೆಲಸ. ಇದಕ್ಕೊಂದು ಸುಲಭದ ಲೆಕ್ಕವಿದೆ. ಸುಮಾರು 20 ಹನಿಗೆ 1 ಮಿಲಿಲೀಟರ್. ಅಂದರೆ 1 ಲೀಟರ್ ನೀರಿನಲ್ಲಿ ಸುಮಾರು 20,000 ಹನಿ. ಸೆಕೆಂಡಿಗೊಂದು ಹನಿ ಬಿದ್ದರೆ ಐದೂವರೆ ಗಂಟೆಯಲ್ಲಿ ಬಾಟಲಿ ಖಾಲಿ. ನಾಲ್ಕೈದು ಸೆಕೆಂಡಿಗೊಂದು ಬಿದ್ದರೆ ಒಂದಿಡೀ ದಿನ ಬರುತ್ತದೆ. ಹಾಗಾಗಿ ಕತ್ತರಿಗಿಂತ ಮೊದಲು ಸೆಕೆಂಡ್ ಮುಳ್ಳಿರುವ ಗಡಿಯಾರ ಹುಡುಕಿಕೊಳ್ಳಿ.

ಹನಿ ಬಾಟಲಿ

1. ಕುಡಿಯುವ ನೀರಿನದೋ ಜ್ಯೂಸಿನದೋ 1 ಲೀಟರ್ ಬಾಟಲಿ ತೆಗೆದುಕೊಳ್ಳಿ. ಫಿನಾಯಿಲ್, ಕೀಟನಾಶಕ ತುಂಬಿದ್ದ ಬಾಟಲಿ ಎಷ್ಟು ತೊಳೆದರೂ ಬೇಡ.

2. ಸೂಜಿಯ ತುದಿ ಕಾಯಿಸಿ ಮುಚ್ಚಳಕ್ಕೆ ಒಂದೇ ಒಂದು ತೂತು ಮಾಡಿ. ಸೂಜಿಯನ್ನು ಇಕ್ಕಳದಲ್ಲಿ ಹಿಡಿಯಿರಿ, ಬೆರಳು ಸುಟ್ಟುಕೊಳ್ಳಬೇಡಿ. ಮೊಳೆ ಬೇಡ, ನನ್ನ ಕಥೆ ಓದಿದಿರಲ್ಲ.

3. ಬಾಟಲಿಯ ಬುಡ ಕತ್ತರಿಸಿ, ಆದರೆ ಪೂರ್ತಿ ಬೇಡ. ಒಂದು ಕಡೆ ಅಂಟಿಕೊಂಡೇ ಇರಲಿ. ಎತ್ತಿ ನೀರು ತುಂಬಬಹುದು, ಒತ್ತಿ ಮುಚ್ಚಬಹುದು. ತರಗೆಲೆ, ಕಸ ಒಳಗೆ ಬೀಳುವುದಿಲ್ಲ.

4. ಕುತ್ತಿಗೆಯೊಳಗೆ ಹಳೆ ಕಾಲ್ಚೀಲದ ಸಣ್ಣ ತುಂಡನ್ನು ಸಡಿಲವಾಗಿ ತುರುಕಿ. ಇದೇ ಸೋಸುವ ಬಟ್ಟೆ.

5. ಕುಂಡದಲ್ಲಿ ಕೋಲು ನೆಟ್ಟು, ಬಾಟಲಿಯನ್ನು ತಲೆಕೆಳಗಾಗಿ ಅದಕ್ಕೆ ಕಟ್ಟಿ. ಮುಚ್ಚಳ ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ಆಗ ತೂತು ಕಟ್ಟಿಕೊಳ್ಳುವುದಿಲ್ಲ, ಹನಿಯೂ ಕಣ್ಣಿಗೆ ಕಾಣುತ್ತದೆ.

ಈಗ ಎಣಿಸಿ. ಜಾಸ್ತಿ ಬೀಳುತ್ತಿದ್ದರೆ ಬಟ್ಟೆಯನ್ನು ಇನ್ನಷ್ಟು ಒತ್ತಿ, ಇಲ್ಲವೇ ಬೇರೆ ಮುಚ್ಚಳಕ್ಕೆ ಇನ್ನೂ ಸಣ್ಣ ತೂತು ಮಾಡಿ. ಬಾಟಲಿ ತುಂಬಿದ್ದಾಗ ಹನಿ ಚುರುಕು, ನೀರು ಇಳಿದ ಹಾಗೆಲ್ಲ ನಿಧಾನ. ಇದು ಸಹಜ, ಗಾಬರಿಯಾಗಬೇಡಿ.

ಬುಡ ಕತ್ತರಿಸದ ಬಾಟಲಿಯನ್ನೂ ಬಳಸಬಹುದು, ಆದರೆ ಅದರ ಸ್ವಭಾವ ಬೇರೆ. ಒಳಗೆ ಗಾಳಿ ಹೋಗದಿದ್ದರೆ ನೀರು ಹೊರಗೆ ಬರುವುದಿಲ್ಲ. ಇದನ್ನೇ ನಲ್ಲಿಯ ಹಾಗೆ ಉಪಯೋಗಿಸಿಕೊಳ್ಳಬಹುದು. ಬಾಟಲಿಯ ಬುಡದ ಹತ್ತಿರ, ಪಕ್ಕದಲ್ಲಿ ನಾಲ್ಕೈದು ಸೂಜಿ ತೂತು ಮಾಡಿ. ಹಳೆ ಕಾಲ್ಚೀಲ ತೊಡಿಸಿ, ಕುತ್ತಿಗೆ ಮಾತ್ರ ಮೇಲೆ ಕಾಣುವ ಹಾಗೆ ಗಿಡದ ಪಕ್ಕ ನೆಟ್ಟಗೆ ಹೂಳಿ. ಮುಚ್ಚಳ ಸಡಿಲಿಸಿದರೆ ನೀರು ಬೇಗ ಇಳಿಯುತ್ತದೆ, ಬಿಗಿ ಮಾಡಿದರೆ ನಿಧಾನ. ನೀರು ನೇರವಾಗಿ ಬೇರಿನ ಹತ್ತಿರ ಹೋಗುತ್ತದೆ, ಬಿಸಿಲಿಗೆ ಆವಿಯಾಗುವುದು ಕಡಿಮೆ. ಗಿಡ ನೆಡುವಾಗಲೇ ಹೂಳಿಬಿಡಿ. ಬೆಳೆದ ಗಿಡದ ಪಕ್ಕ ಅಗೆದರೆ ಬೇರು ಕತ್ತರಿಸುತ್ತದೆ.

ಬನಿಯನ್ ಬತ್ತಿ

ಮನೆಯೊಳಗಿನ ಸಣ್ಣ ಕುಂಡಗಳಿಗೆ ನನಗೆ ತುಂಬಾ ಹಿಡಿಸಿದ್ದು ಇದು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆಯೇ ಬಟ್ಟೆಯ ಬತ್ತಿ ನೀರು ಎಳೆಯುತ್ತದೆ. ಹಳೆ ಹತ್ತಿ ಬನಿಯನ್ನನ್ನು ಎರಡು ಬೆರಳು ಅಗಲದ ಪಟ್ಟಿ ಮಾಡಿ ಹುರಿಯಂತೆ ಹೊಸೆಯಿರಿ. ಬತ್ತಿಯನ್ನು ಮೊದಲೇ ಪೂರ್ತಿ ಒದ್ದೆ ಮಾಡಿ. ಒಂದು ತುದಿ ಬಕೆಟ್ಟಿನ ತಳ ಮುಟ್ಟಲಿ, ಇನ್ನೊಂದು ತುದಿಯನ್ನು ಕುಂಡದ ಮಣ್ಣಿನಲ್ಲಿ ಆಳಕ್ಕೆ ಇಳಿಸಿ. ಕುಂಡದ ಮಣ್ಣೂ ಮೊದಲೇ ಹದವಾಗಿ ಒದ್ದೆಯಿರಲಿ.

ಇಲ್ಲಿ ಎಲ್ಲರೂ ಎಡವುವುದು ಬಕೆಟ್ಟಿನ ಎತ್ತರದಲ್ಲಿ. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು ಕುಂಡ ಕೆಳಗಿದ್ದರೆ ನೀರು ಇಳಿಜಾರು ಸಿಕ್ಕಿದ ಹಾಗೆ ಹರಿದುಬರುತ್ತದೆ. ಬೆಳಗಾಗುವಷ್ಟರಲ್ಲಿ ಬಕೆಟ್ ಖಾಲಿ, ನೆಲವೆಲ್ಲ ಒದ್ದೆ. ತೀರಾ ಕೆಳಗಿಟ್ಟರೆ ಬತ್ತಿಗೆ ಎಳೆಯುವ ಶಕ್ತಿ ಸಾಲದು. ಬಕೆಟ್ಟಿನ ನೀರಿನ ಮಟ್ಟ ಕುಂಡದ ಮಣ್ಣಿಗೆ ಸಮನಾಗಿ ಅಥವಾ ಸ್ವಲ್ಪ ಕೆಳಗಿದ್ದರೆ ಸಾಕು. ನಡುವಿನ ಬತ್ತಿ ಗಾಳಿಗೆ ಒಣಗದ ಹಾಗೆ ಹಳೆ ಪೈಪಿನ ತುಂಡಿನಲ್ಲಿ ತೂರಿಸಬಹುದು.

ಬಕೆಟ್ಟಿಗೆ ಮುಚ್ಚಳ ಇರಲೇಬೇಕು. ತೆರೆದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟರೆ ಒಂದು ವಾರದಿಂದ ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಗಿಡ ಉಳಿಸಲು ಹೋಗಿ ಡೆಂಗಿ ಸಾಕಿದ ಹಾಗಾಗಬಾರದು ಅಲ್ವಾ?

ಹೂಳುವ ಮಡಕೆ

ಬಾಯಿ ಒಡೆದ ಮಡಕೆಯನ್ನು ಎಸೆಯಬೇಡಿ. ಹೊಟ್ಟೆ ಬಿರುಕು ಬಿಟ್ಟಿರಬಾರದು, ಬಣ್ಣವಾಗಲಿ ಗಾಜಿನಂಥ ಹೊಳಪಾಗಲಿ ಬಳಿದಿರಬಾರದು, ಅಷ್ಟೇ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಸುತ್ತಲಿನ ಮಣ್ಣು ಒಣಗಿದಾಗ ಅದೇ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಿದ್ದಾಗ ಹೆಚ್ಚು ಎಳೆಯುವುದಿಲ್ಲ. ಹನಿ ಎಣಿಸುವ ತಾಪತ್ರಯವೇ ಇಲ್ಲ. ಚೀನಾದಲ್ಲಿ 2,000 ವರ್ಷಕ್ಕೂ ಹಿಂದೆಯೇ ಈ ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಬಾಟಲಿಗಿಂತ ಇದು ಎಷ್ಟೋ ಜಾಣತನದ್ದು ಅಂತ ನನ್ನ ಅನಿಸಿಕೆ.

ಕೊರಳವರೆಗೆ ಹೂಳಿ, ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿ. ಮಡಕೆಯ ಬದಲು ಮಣ್ಣಿನ ಹೂಕುಂಡವಿದ್ದರೆ ತಳದ ತೂತನ್ನು ಸಿಮೆಂಟಿನಿಂದ ಮುಚ್ಚಿ, ಒಣಗಲು ಬಿಡಿ. ಗಿಡಗಳನ್ನು ಮಡಕೆಯ ಸುತ್ತ ಹತ್ತಿರದಲ್ಲೇ ನೆಡಿ, ದೂರದ ಗಿಡಕ್ಕೆ ಆ ತೇವ ಮುಟ್ಟುವುದಿಲ್ಲ. ಕೆಲವು ತಿಂಗಳಾದ ಮೇಲೆ ನೀರು ಇಳಿಯದಿದ್ದರೆ ರಂಧ್ರಗಳಲ್ಲಿ ಉಪ್ಪು ಕಟ್ಟಿರುತ್ತದೆ. ಹೊರಗೆ ತೆಗೆದು, ನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ. ದೊಡ್ಡ ಮರದ ಬೇರಿನ ಪಕ್ಕ ಮಾತ್ರ ಹೂಳಬೇಡಿ, ಬೇರು ಮಡಕೆಯನ್ನೇ ಸೀಳಬಹುದು.

ಉಳಿದ ಸಾಮಾನು

ಹಿಡಿಕೆಯಿರುವ ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳಕ್ಕೆ ಹದಿನೈದಿಪ್ಪತ್ತು ತೂತು ಮಾಡಿದರೆ ಗಿಡಕ್ಕೆ ನೀರು ಚಿಮುಕಿಸುವ ಒಳ್ಳೆಯ ಹೂಜಲ್ಲಿ. ಹಿಡಿಕೆಯ ಮೇಲ್ಭಾಗದಲ್ಲಿ ಗಾಳಿಗೆ ಇನ್ನೊಂದು ತೂತು ಬೇಕು, ಇಲ್ಲದಿದ್ದರೆ ನೀರು ಗಳಗಳ ಅಂತ ತಡೆದು ತಡೆದು ಬರುತ್ತದೆ. ಹಳೆ ಟ್ರೇಯಲ್ಲಿ ಎರಡು ಬೆರಳು ನೀರು ನಿಲ್ಲಿಸಿ ಕುಂಡಗಳನ್ನು ಅರ್ಧ ಗಂಟೆ ಇಟ್ಟರೆ ತಳದಿಂದಲೇ ಕುಡಿಯುತ್ತವೆ. ಹೊತ್ತು ಮೀರಿ ಬಿಟ್ಟರೆ ಬೇರು ಕೊಳೆಯುತ್ತದೆ.

ಆಸ್ಪತ್ರೆಯಲ್ಲಿ ಬಳಸಿದ ಡ್ರಿಪ್ ಸೆಟ್ಟನ್ನು ಗಿಡಕ್ಕೆ ಕಟ್ಟುವವರನ್ನು ನೋಡಿದ್ದೇನೆ. ಚಕ್ರ ತಿರುಗಿಸಿ ಹನಿ ಹೊಂದಿಸಬಹುದು, ಉಪಾಯ ಚೆನ್ನಾಗಿಯೇ ಇದೆ. ಆದರೆ ರೋಗಿಯ ದೇಹಕ್ಕೆ ಚುಚ್ಚಿದ ವಸ್ತು ಮನೆಗೆ ತರುವಂಥದ್ದಲ್ಲ. ಹಾಗೆಯೇ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಜಾಸ್ತಿ. ಅದನ್ನು ಕುಂಡಕ್ಕೆ ದಿನವೂ ಹಾಕಬೇಡಿ, ಹಾಕಿದರೂ ಒಳ್ಳೆಯ ನೀರಿನ ಜೊತೆ ಬೆರೆಸಿ. ತರಕಾರಿ ತೊಳೆದ ನೀರು ಧಾರಾಳವಾಗಿ ಆಗುತ್ತದೆ, ಸೋಪು ಮತ್ತು ಉಪ್ಪು ಸೇರಿರಬಾರದು.

ಯಾವುದನ್ನೇ ಮಾಡಿದರೂ ಮನೆಯಲ್ಲಿರುವಾಗಲೇ ಎರಡು ದಿನ ಪರೀಕ್ಷಿಸಿ. ಬೆಳಿಗ್ಗೆ ಬಾಟಲಿಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ, ಸಂಜೆ ಇನ್ನೊಂದು ಗೆರೆ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಬೆರಳಿಗೆ ತಂಪು ತಾಗಿ, ಸ್ವಲ್ಪ ಮಣ್ಣು ಮೆತ್ತಿಕೊಂಡರೆ ಹದ ಸರಿಯಿದೆ. ಕೆಸರಾಗಿದ್ದರೆ ಹನಿ ಕಡಿಮೆ ಮಾಡಿ, ಧೂಳಾಗಿದ್ದರೆ ಇನ್ನೊಂದು ಬಾಟಲಿ ಕಟ್ಟಿ. ಆಮೇಲೆ ಬೀಗ ಹಾಕಿ.