ಡಬ್ಬಿ ಪುಡಿ ಬಿಟ್ಟು ರಾಗಿ ಸರಿಯಲ್ಲೇ ತೂಕ ಏರಿಸಿದ್ದು: ನನ್ನ ಅನುಭವ

ಅಂಗಡಿಯಲ್ಲಿ ಸಿಗೋ, ಹಾಲಿಗೆ ಕಲಸೋ ಡಬ್ಬಿ ಪುಡಿ ಇಲ್ಲದೆ ಮಗು ಮೈ ಕೈ ತುಂಬಿಕೊಳ್ಳಲ್ಲ ಅಂತ ನಮ್ಮ ಪಾವಗಡ ಕಡೆ ವಾದ ಮಾಡಿದವರೇ ಹೆಚ್ಚು. ನಾನೂರು ರೂಪಾಯಿ ಡಬ್ಬಿ ಹದಿನೈದು ದಿನ ಬಂದರೆ ದೊಡ್ಡದು. ಎರಡು ಚಮಚ ಕಲಸಿದರೆ ಸಿಗೋದು ಹೆಚ್ಚುಕಮ್ಮಿ ಒಂದು ಮೊಟ್ಟೆಯಷ್ಟು ಕ್ಯಾಲೊರಿ. ನನ್ನ ರಾಗಿ ಸರಿಗೆ, ಅಂದರೆ ಮಕ್ಕಳ ರಾಗಿ ಗಂಜಿಗೆ, ಬಟ್ಟಲಿಗೆ ಆರೇಳು ರೂಪಾಯಿ, ಸುಮಾರು ಮುನ್ನೂರು ಕ್ಯಾಲೊರಿ.

ಎರಡು ಮೂರು ವರ್ಷದ ಮಗುವಿನ ಹೊಟ್ಟೆ ಸಣ್ಣದು. ನೀರು ಗಂಜಿ ಕುಡಿಸಿದರೆ ಎಪ್ಪತ್ತು ಎಂಬತ್ತು ಕ್ಯಾಲೊರಿಗೇ ತುಂಬಿಹೋಗುತ್ತೆ. ಹಿಟ್ಟು ಜಾಸ್ತಿ ಹಾಕಿದರೆ ಗೋಂದಿನ ಹಾಗೆ ಅಂಟಿ, ಮಗು ಉಗಿಯುತ್ತೆ. ಬಹಳ ಜನ ಕೈಬಿಡೋದು ಇಲ್ಲೇ.

ದಾರಿ ಇರೋದು ಮೊಳಕೆ ರಾಗಿಯಲ್ಲಿ, ಅದರ ಹಿಟ್ಟು ಗಟ್ಟಿ ಗಂಜಿಯನ್ನು ತೆಳುವಾಗಿಸುತ್ತೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ. ಆದರೆ ಘಮ ಬರಲಿ ಅಂತ ಕೆಂಪಗೆ ಹುರಿದರೆ ಗಂಜಿ ತೆಳುವಾಗಿಸೋ ಗುಣವೇ ಹೋಗುತ್ತೆ. ಅದಕ್ಕೆ ಒಂದು ಪಾವಿನಷ್ಟು ಹುರಿಯದೆ ಬೀಸಿ ಬೇರೆ ಡಬ್ಬಿಯಲ್ಲಿಡಿ.

ಒಂದು ಬಟ್ಟಲು ನೀರಿಗೆ ಮಾಮೂಲಿ ರಾಗಿಹಿಟ್ಟು ನಾಲ್ಕು ದೊಡ್ಡ ಚಮಚ, ಹುರಿದ ಕಡ್ಲೆಬೀಜದ ಪುಡಿ ಎರಡು ಚಮಚ. ಗಟ್ಟಿಯಾಗಿ ಬೇಯಿಸಿ ಇಳಿಸಿ. ಕುದಿ ನಿಂತು, ಬೆರಳು ಇಡೋಕೆ ಇನ್ನೂ ಆಗದಷ್ಟು ಬಿಸಿ ಇರುವಾಗ ಹುರಿಯದ ಮೊಳಕೆ ಹಿಟ್ಟು ಒಂದು ಟೀ ಚಮಚ ಕಲಸಿ. ಐದು ನಿಮಿಷದಲ್ಲಿ ಸೌಟಿನಿಂದ ಧಾರೆಯಾಗಿ ಸುರಿಯುತ್ತೆ, ನೋಡಿದವರು ನೀರು ಹಾಕಿದ್ದೀರಾ ಅಂತಾರೆ. ಕುದಿಯುವಾಗಲೇ ಹಾಕಿದರೆ ಗಂಜಿ ತೆಳುವಾಗಲ್ಲ. ತೆಳುವಾದ ಮೇಲೆ ಮತ್ತೆ ಒಂದು ಕುದಿ ಬರಿಸಲೇಬೇಕು, ಹಸಿ ಹಿಟ್ಟು ಹೊಟ್ಟೆ ಕೆಡಿಸುತ್ತೆ. ಕೊನೆಗೆ ಬೆಲ್ಲ, ಒಂದು ಟೀ ಚಮಚ ತುಪ್ಪ ಅಥವಾ ಕಡ್ಲೆಕಾಯಿ ಎಣ್ಣೆ. ಎಣ್ಣೆಯನ್ನು ಮೊದಲ ವಾರ ಅರ್ಧ ಚಮಚದಿಂದಲೇ ಶುರು ಮಾಡಿ, ಇಲ್ಲದಿದ್ದರೆ ಭೇದಿ ಹಿಡಿಯಬಹುದು.

ಕಡ್ಲೆಬೀಜದಲ್ಲಿ ಮುರುಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಆರಿಸಿ ಎಸೆಯಿರಿ. ಪುಡಿ ವಾರಕ್ಕಾಗುವಷ್ಟೇ ಮಾಡಿ, ಆಮೇಲೆ ಕಮಟು ಬರುತ್ತೆ. ಇಡೀ ಬೀಜ ಮಾತ್ರ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಪುಡಿಯನ್ನೂ ಮೊದಲ ಸಲ ಕಾಲು ಚಮಚ ಕೊಟ್ಟು, ದದ್ದು ವಾಂತಿ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ತಿಪಟೂರು ಕೊಬ್ಬರಿ ತುರಿದು ಹಾಕಿಯೂ ನೋಡಿದೆ. ಶಕ್ತಿ ಇದೆ, ಆದರೆ ನಾರು ನಾಲಿಗೆಗೆ ಸಿಕ್ಕಿ ಅರ್ಧ ಬಟ್ಟಲು ಹಾಗೇ ಉಳಿಯಿತು. ತಟ್ಟೆ ಇಡ್ಲಿ ಮುರಿದು ಕಡ್ಲೆಬೀಜದ ಪುಡಿ, ತುಪ್ಪ ಕಲಸಿದ್ದು ಮಾತ್ರ ಗೆದ್ದಿತು.

ರಾಗಿ ಸರಿ ದಿನಕ್ಕೆ ಎರಡು ಸಲ, ಮನೆಯ ಊಟದ ಜೊತೆಗೆ. ಊಟದ ಬದಲು ಅಲ್ಲ. ಊಟಕ್ಕೆ ಮುಂಚೆ ಟೀ, ಬಿಸ್ಕತ್ತು ಕೊಟ್ಟರೆ ಎಲ್ಲಾ ವ್ಯರ್ಥ. ಒಂದೇ ತಕ್ಕಡಿ, ಬೆಳಗ್ಗೆ ಹೊತ್ತು, ತೆಳು ಬಟ್ಟೆಯಲ್ಲಿ ತೂಗಿ. ನಾನು ತೂಗಿದಾಗ ಮಗುವಿನ ತೂಕ ತಿಂಗಳಿಗೆ ಮುನ್ನೂರು, ನಾನೂರು ಗ್ರಾಂವರೆಗೂ ಏರಿದೆ. ತೂಕ ಕದಲದಿದ್ದರೆ ಜಂತುಹುಳು, ಪದೇ ಪದೇ ಬರುವ ಜ್ವರ, ಕೆಮ್ಮು ಇದೆಯಾ ಅಂತ ಡಾಕ್ಟರಿಗೆ ತೋರಿಸಿ. ಮಗುವಿನ ತೋಳಿನ ಸುತ್ತಳತೆ ನೋಡೋ ಪಟ್ಟಿಯಲ್ಲಿ ಅಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ, ಪಾದ ಊದಿದ್ದರೆ, ಊಟವೇ ಸೇರದಿದ್ದರೆ ಸರಿ ಕಾಯಿಸುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.