ಟ್ಯಾಟೂ: ಎಲ್ಲಿ ಹಾಕಿಸಿದರೆ ಎಷ್ಟು ಉರಿ?

ಮೊದಲ ಟ್ಯಾಟೂ ಹಾಕಿಸಿಕೊಂಡು ಮುಂಬೈ ಬಳಿಯ ಡೊಂಬಿವಲಿಯ ಮನೆಗೆ ಬಂದ ದಿನ ಅಜ್ಜಿ ನನ್ನ ಮುಂಗೈ ಹಿಡಿದು ನೋಡಿ, "ಹುಚ್ಚಿ, ರೊಕ್ಕ ಕೊಟ್ಟು ಚುಚ್ಚಿಸ್ಕೊಂಡ ಬಂದ್ಯಾ?" ಎಂದಳು. ಅವಳ ಕೈಯಲ್ಲೂ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರುಗಟ್ಟಿದ ಹಚ್ಚೆ ಇದೆ. ಇಂಡಿ ಕಡೆಯ ಹಳ್ಳಿಯಲ್ಲಿ ಕೊರವಂಜಿ ಬಾಗಿಲಿಗೇ ಬಂದು, ಹಾಡು ಹೇಳುತ್ತ ಚುಚ್ಚಿದ್ದಂತೆ. ಕೂಲಿ ಒಂದು ಸೇರು ಜೋಳ. ನೋವಾಗಿತ್ತಾ ಎಂದು ಕೇಳಿದೆ. "ಮಾಂಸ ಇದ್ದಲ್ಲಿ ಏನಾಗಲಿಲ್ಲ. ಮಣಿಕಟ್ಟಿನ ಎಲುಬಿನ ಮ್ಯಾಲೆ ಜೀವಾನೇ ಹೋತು" ಎಂದಳು.

ಟ್ಯಾಟೂ ಅಂಗಡಿಗಳಲ್ಲಿ ತೋರಿಸುವ ಹಸಿರು-ಹಳದಿ-ಕೆಂಪು ಬಣ್ಣದ ನೋವಿನ ನಕ್ಷೆ ಹೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಆದರೆ ಆ ನಕ್ಷೆ ನೋಡಿ ಜಾಗ ಆರಿಸಿದರೆ ಅರ್ಧ ಲೆಕ್ಕ ತಪ್ಪುತ್ತದೆ. ನೋವು ಎಷ್ಟು ಹೊತ್ತು ಎಂಬುದು ಅದರಲ್ಲಿ ಇರುವುದಿಲ್ಲ.

ಮೊದಲು ಸೂಜಿಯ ಕೆಲಸ

ಎಡಿಸನ್ನರ ಕಾಗದ ಚುಚ್ಚುವ ವಿದ್ಯುತ್ ಪೆನ್ನಿನ ಉಪಾಯವನ್ನೇ ತಿದ್ದಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಟ್ಯಾಟೂ ಯಂತ್ರಕ್ಕೆ ಪೇಟೆಂಟ್ ಪಡೆದರು. ಈಗಿನ ಯಂತ್ರಗಳೂ ಅದೇ ಜಾತಿಯವು, ಸೂಜಿಯನ್ನು ಕಣ್ಣಿಗೆ ಕಾಣದ ವೇಗದಲ್ಲಿ ಮೇಲೆ ಕೆಳಗೆ ಆಡಿಸುತ್ತವೆ. ಸೂಜಿ ಇಳಿಯುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಮೇಲ್ಪದರದಲ್ಲಿ ನಿಂತ ಬಣ್ಣ ಚರ್ಮ ಉದುರಿದಂತೆ ಉದುರಿಹೋಗುತ್ತದೆ, ಹಾಗಾಗಿ ಅದರ ಕೆಳಗಿನ ಪದರ ಮುಟ್ಟಲೇಬೇಕು. ನರದ ತುದಿಗಳು ತುಂಬಿರುವುದೂ ಅಲ್ಲಿಯೇ.

ಮನೆಯಲ್ಲೇ ಚಿವುಟಿ ನೋಡಿ

ಅಂದುಕೊಂಡ ಜಾಗವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ. ಮಾಂಸ ಬಾರದೆ ಬರೀ ಚರ್ಮ ಬಂತೇ? ಉಗುರಿನಿಂದ ಒತ್ತಿ ಗೆರೆ ಎಳೆಯಿರಿ. ಕೆಳಗೆ ಎಲುಬು ತಾಕಿತೇ, ಕಚಗುಳಿ ಆಯಿತೇ? ಉಸಿರಾಡುವಾಗ ಆ ಜಾಗ ಅಲ್ಲಾಡುತ್ತದೆಯೇ? ಒಂದಕ್ಕೂ ಹೌದು ಎನ್ನುವಂತಿಲ್ಲದಿದ್ದರೆ ಸಲೀಸು. ರಟ್ಟೆಯ ಹೊರಬದಿ, ಭುಜ, ಮುಂಗೈ ಹೊರಮೈ, ಮೀನಖಂಡ, ತೊಡೆಯ ಹೊರಬದಿ ಈ ಸಾಲಿನವು. ಇಲ್ಲಿ ಆಗುವ ನೋವು ಒಗ್ಗರಣೆಯ ಸಾಸಿವೆ ಕೈಮೇಲೆ ಸಿಡಿದಂತೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ. ಮುಂಗೈ ಒಳಮೈ, ಮಣಿಕಟ್ಟು ಅದಕ್ಕಿಂತ ಒಂದು ಕೈ ಹೆಚ್ಚು.

ಬೆನ್ನೆಲುಬಿನ ಗೆರೆ, ಕೊರಳೆಲುಬು, ಕಣಕಾಲು, ಕಾಲಿನ ಹರಡು ಇಲ್ಲೆಲ್ಲ ಚುಚ್ಚುವುದಕ್ಕಿಂತ ನಡುಕವೇ ಕಾಟ ಕೊಡುತ್ತದೆ. ಯಂತ್ರದ ಗುಂಯ್‌ಗುಡುವಿಕೆ ಎಲುಬು ಹಿಡಿದು ಹರಿಯುತ್ತದೆ. ಮೊಣಕೈ ಹಿಂದೆ ನರವೊಂದು ಚರ್ಮಕ್ಕೆ ಅಂಟಿಕೊಂಡಂತೆ ಹಾದುಹೋಗುತ್ತದೆ, ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೆ ಜುಮ್ ಎನ್ನುವುದು ಅದೇ. ಕಂಕುಳು, ಮೊಣಕಾಲ ಹಿಂಬದಿ, ತೊಡೆಸಂದುಗಳಲ್ಲಿ ಚರ್ಮ ತೆಳು. ಬೆರಳು, ತುಟಿಗಳ ಮಾತೇ ಬೇರೆ. ದೇಹದಲ್ಲಿ ಅವು ಪುಟ್ಟವು, ಆದರೆ ಮಿದುಳಿನಲ್ಲಿ ಸ್ಪರ್ಶಕ್ಕೆ ಮೀಸಲಾದ ಜಾಗದಲ್ಲಿ ಬೆನ್ನಿಗಿಂತ ಎಷ್ಟೋ ದೊಡ್ಡ ಪಾಲು ಅವುಗಳದ್ದು. ಬೆರಳಿನ ಬಣ್ಣ ಬೇಗ ಮಾಸುತ್ತದೆ ಬೇರೆ. ಅಷ್ಟು ಸಹಿಸಿ ಅಲ್ಲಿ ಹಾಕಿಸುವುದು ನನ್ನ ಪ್ರಕಾರ ದಂಡ.

ಪಕ್ಕೆಲುಬಿಗೆ ಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರ ಹೌದು. ನನ್ನ ಎರಡನೆಯ ಟ್ಯಾಟೂ ಅಲ್ಲಿಯೇ. ಅಂದು ಸಂಕಷ್ಟಿ, ಉಪವಾಸ. ಗೆರೆ ಎಳೆಯುವಾಗ ಬ್ಲೇಡಿನಿಂದ ಕೊರೆದಂತಿತ್ತು, ಹಲ್ಲು ಕಚ್ಚಿಕೊಂಡೆ. ಗೆರೆ ಮುಗಿದರೆ ಮುಗಿಯಿತು ಎಂದುಕೊಂಡಿದ್ದೆ. ಆಮೇಲೆ ಗೆರೆಯೊಳಗೆ ನೆರಳು-ಬಣ್ಣ ತುಂಬುವ ಶೇಡಿಂಗ್ ಶುರುವಾಯಿತು: ಆಗಲೇ ಕೆಂಪಾಗಿ ಊದಿದ ಚರ್ಮದ ಮೇಲೆ ಅಗಲ ಸೂಜಿ, ಹಸಿ ಗಾಯಕ್ಕೆ ಉಪ್ಪುಕಾಗದ ತಿಕ್ಕಿದ ಹಾಗೆ. "ಸಾಂಸ್ ಲೇತೇ ರಹೋ", ಉಸಿರಾಡುತ್ತಿರು ಎಂದು ಟ್ಯಾಟೂ ಹಾಕುವ ಹುಡುಗ ಹೇಳುತ್ತಲೇ ಇದ್ದ, ನಾನು ಉಸಿರು ಕಟ್ಟಿ ಮಲಗಿದ್ದೆ. ಕಣ್ಣು ಕತ್ತಲೆ ಬಂತು. ಲಿಂಬು ಶರಬತ್ತು ತರಿಸಿ ಕುಡಿಸಿ, ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟರು. ತಪ್ಪು ಪಕ್ಕೆಲುಬಿನದ್ದಲ್ಲ, ಹೊಟ್ಟೆಯದ್ದು.

ಗಡಿಯಾರ ನೋಡಿ ಆರಿಸಿ

ಹರಡಿನ ಮೇಲೆ ಇಪ್ಪತ್ತು ನಿಮಿಷದ ಪುಟ್ಟ ಹೂವು, ತೊಡೆಯ ಮೇಲೆ ನಾಲ್ಕು ಗಂಟೆಯ ನವಿಲು, ಎರಡರಲ್ಲಿ ಯಾವುದು ಕಷ್ಟ? ನನ್ನನ್ನು ಕೇಳಿದರೆ ನವಿಲೇ. ಶುರುವಿನಲ್ಲಿ ದೇಹ ತನ್ನದೇ ನೋವುಶಾಮಕ ಹರಿಸಿ ಒಗ್ಗಿಕೊಳ್ಳುತ್ತದೆ. ಎರಡು ಮೂರು ಗಂಟೆ ದಾಟಿದ ಮೇಲೆ ಆ ಕೃಪೆ ತೀರಿ, ನಕ್ಷೆಯಲ್ಲಿ ಹಸಿರಿದ್ದ ಜಾಗವೂ ಕೆಂಪಾಗುತ್ತದೆ. ದೊಡ್ಡ ಚಿತ್ರವಾದರೆ ಎರಡು ಮೂರು ಭೇಟಿಗಳಲ್ಲಿ ಮುಗಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಹೋಗುವ ದಿನ

ಹೊಟ್ಟೆ ತುಂಬ ತಿಂದು ಹೋಗಿ. ಉಡುಪಿ ಹೋಟೆಲುಗಳ ಮಾಟುಂಗಾದಲ್ಲಿ ಇಳಿಯುವವರಾದರೆ ಎರಡು ಇಡ್ಲಿಯ ಜಾಗದಲ್ಲಿ ನಾಲ್ಕು ಇರಲಿ. ಹಿಂದಿನ ರಾತ್ರಿ ಕುಡಿಯಬೇಡಿ, ರಕ್ತ ಹೆಚ್ಚು ಒಸರುತ್ತದೆ. ಆಸ್ಪಿರಿನ್ನಿಗೂ ಅದೇ ಗುಣ. ಆದರೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಟ್ಯಾಟೂಗಾಗಿ ನೀವೇ ನಿಲ್ಲಿಸಕೂಡದು. ಮುಟ್ಟಿನ ದಿನಗಳಲ್ಲಿ ಕೆಲವರಿಗೆ ನೋವು ಹೆಚ್ಚು ತಾಕುತ್ತದೆ. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು.

ಮರಗಟ್ಟಿಸುವ ಲಿಡೊಕೇನ್ ಕ್ರೀಮು ಬೇಕೆಂದಿದ್ದರೆ ಹಾಕುವವರಿಗೆ ಮೊದಲೇ ತಿಳಿಸಿ. ಅದರ ಪರಿಣಾಮ ನಡುವೆಯೇ ಇಳಿಯುತ್ತದೆ, ಆಗ ಉರಿ ಒಮ್ಮೆಲೇ ಎರಗುತ್ತದೆ. ಇಡೀ ಬೆನ್ನಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಳ್ಳುವ ಸಾಹಸ ಖಂಡಿತ ಬೇಡ. ಮದ್ದು ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು, ಫಿಟ್ಸ್ ಬರಬಹುದು.

ಆಮೇಲಿನ ನೋವು

ಈ ಮುಂಬೈಯಲ್ಲಿ ಇದನ್ನು ಮರೆತರೆ ಕೆಟ್ಟಿರಿ. ಹಸಿ ಟ್ಯಾಟೂ ಎಂದರೆ ತರಚಿದ ಗಾಯ. ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು ದಾದರಿನಿಂದ ಡೊಂಬಿವಲಿಗೆ ಬರುವಾಗ ಪಕ್ಕದವರ ಬ್ಯಾಗು ರಟ್ಟೆಗೆ ಉಜ್ಜಿದರೆ ಯಂತ್ರದ ಉರಿಯೇ ವಾಸಿ ಎನಿಸುತ್ತದೆ. ಶನಿವಾರ ಹಾಕಿಸಿದರೆ ಒಂದು ದಿನವಾದರೂ ಲೋಕಲ್ ತಪ್ಪುತ್ತದೆ. ಎರಡು ಮೂರು ವಾರ ಜುಹೂ ಸಮುದ್ರಕ್ಕೂ ಈಜುಕೊಳಕ್ಕೂ ಇಳಿಯಬೇಡಿ. ರಕ್ತ ಕೊಡುವ ಅಭ್ಯಾಸವಿದ್ದವರು ಒಂದು ವರ್ಷ ಬಿಡಬೇಕು.

ಹರಡು, ಪಾದ, ಕಣಕಾಲಿನ ಟ್ಯಾಟೂವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಲೇಬೇಡಿ. ಜೋರು ಮಳೆಗೆ ಮುಳುಗುವ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನಿಂತ ನೀರಿನಲ್ಲಿ ಇಲಿಯ ಮೂತ್ರವೂ ಬೆರೆತಿರಬಹುದು, ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಇಂಥ ಗಾಯದಿಂದ ಸುಲಭವಾಗಿ ಒಳಹೊಗುತ್ತದೆ. ಅಂಥ ನೀರಿನಲ್ಲಿ ನಡೆಯಬೇಕಾಗಿ ಬಂದರೆ ಜ್ವರ ಬರಲಿ ಎಂದು ಕಾಯದೆ ಡಾಕ್ಟರ ಹತ್ತಿರ ಹೋಗಿ. ನನ್ನ ಹರಡಿನ ಹೂವನ್ನು ನಾನು ದೀಪಾವಳಿ ಕಳೆದ ಮೇಲೆಯೇ ಹಾಕಿಸಿದ್ದು.